ಯಂತ್ರಕ್ಕೆ ಕಣ್ಣು ಕೊಡುವ ವಿದ್ಯೆ

ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ ಗೋಣಿಕೊಪ್ಪಲಿನ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ತಲೆಯೆತ್ತುತ್ತದೆ: ಮುಂದೇನು? ತೋಟವುಳ್ಳವರಲ್ಲಿಯೂ, ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡವರಲ್ಲಿಯೂ, ಸಂಬಳವನ್ನೇ ನೆಚ್ಚಿದವರಲ್ಲಿಯೂ ‘ಇಂಜಿನಿಯರಿಂಗ್’ ಎಂಬ ಮಾತು ಬಾರದಿರುವುದಿಲ್ಲ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಬ ಹೆಸರುಗಳು ಹಿರಿಯರಿಗೆ ಹಳೆಯ ನೆಂಟರಿದ್ದಂತೆ. ಕಂಪ್ಯೂಟರಿನ ಹೆಸರನ್ನು ಕೇಳದವರೇ ಇಲ್ಲ. ಆದರೆ ಮಗನೋ ಮಗಳೋ ‘ಮೆಕಟ್ರಾನಿಕ್ಸ್’ ಎಂದರೆ ಮನೆಯವರು ಮುಖಮುಖ ನೋಡಿಕೊಳ್ಳುತ್ತಾರೆ. ಅದು ಎಂಥ ವಿದ್ಯೆ? ಕಲಿತವರಿಗೆ ಕೆಲಸ ಸಿಕ್ಕೀತೆ? ನಾಲ್ಕು ವರ್ಷಗಳ ಶುಲ್ಕ, ಹಾಸ್ಟೆಲಿನ ವೆಚ್ಚ ಎಲ್ಲವೂ ಸೇರಿದರೆ ಸಣ್ಣ ತೋಟದವನಿಗೆ ಹಲವು ಬೆಳೆಗಳ ಉಳಿತಾಯವೇ ಕರಗಿಹೋಗುವುದರಿಂದ, ಈ ಪ್ರಶ್ನೆಗಳನ್ನು ಅಜ್ಞಾನವೆಂದು ನಗುವಂತಿಲ್ಲ.

ಸೋಜಿಗವೆಂದರೆ, ಈ ವಿದ್ಯೆಯ ಅರ್ಧ ಭಾಗವನ್ನು ಕೊಡಗಿನ ಜನ ಪ್ರತಿವರ್ಷವೂ ಬೀದಿಯಲ್ಲಿ ನಿಂತು ನೋಡುತ್ತಾರೆ. ಮಡಿಕೇರಿಯ ದಸರೆಯಲ್ಲಿ, ಗೋಣಿಕೊಪ್ಪಲಿನ ದಸರೆಯಲ್ಲಿ ಹೊರಡುವ ಮಂಟಪಗಳನ್ನು ಕಾಣದವರಾರು? ದೇವಿಯ ಕೈ ಮೇಲೇಳುತ್ತದೆ, ತ್ರಿಶೂಲ ಮುಂದೆ ಚಾಚುತ್ತದೆ, ಅಸುರನ ತಲೆ ಹೊರಳುತ್ತದೆ. ಅದಕ್ಕೆ ತಕ್ಕಂತೆ ಬೆಳಕು ಬದಲಾಗಿ ಧ್ವನಿವರ್ಧಕದಲ್ಲಿ ಗರ್ಜನೆ ಕೇಳಿಬರುತ್ತದೆ. ಬೊಂಬೆಯ ಒಳಗಿನ ಕಬ್ಬಿಣದ ಚೌಕಟ್ಟು ಮೆಕ್ಯಾನಿಕಲ್ ವಿದ್ಯೆಗೆ ಸೇರಿದ್ದು; ಅದನ್ನು ಎಳೆದಾಡಿಸುವ ಮೋಟಾರು ಎಲೆಕ್ಟ್ರಿಕಲ್ ವಿದ್ಯೆಗೆ ಸೇರಿದ್ದು; ಯಾವುದು ಮೊದಲು, ಯಾವುದು ಅನಂತರ ಎಂಬ ಕ್ರಮವು ನಿಯಂತ್ರಣ ವಿದ್ಯೆಗೆ ಸೇರಿದ್ದು. ಮೂರೂ ಒಂದೇ ಲಾರಿಯ ಮೇಲೆ ಕೂಡಿವೆ.

ಆದರೂ ಅದು ಅರ್ಧ ವಿದ್ಯೆಯೇ. ಏಕೆಂದರೆ ಮಂಟಪದ ಅಸುರ ಕುರುಡ. ಎದುರಿಗೆ ದೇವಿಯ ಬೊಂಬೆ ಇದ್ದರೂ, ತೆಗೆದಿಟ್ಟರೂ ಹೊತ್ತಿಗೆ ಸರಿಯಾಗಿ ಅವನ ತಲೆ ಹೊರಳಿಯೇ ತೀರುತ್ತದೆ. ಉಳಿದರ್ಧವನ್ನು ಕಾಣಬೇಕಾದರೆ ಕಾಫಿಯ ಕ್ಯೂರಿಂಗ್ ವರ್ಕ್ಸಿನೊಳಗೆ ಹೋಗಬೇಕು.

ಹಿಂದೆ ಅಲ್ಲಿ ಹೆಂಗಸರು ಸಾಲುಸಾಲಾಗಿ ಕುಳಿತು, ಸಿಪ್ಪೆ ಕಳೆದ ಕಾಫಿ ಬೀಜವನ್ನು ಹರಡಿಕೊಂಡು, ಕರಿಬೀಜ, ಕಂದುಬೀಜ, ಒಡಕುಗಳನ್ನು ಕೈಯಿಂದ ಆರಿಸುತ್ತಿದ್ದರು. ಈಗ ಆ ಕೆಲಸದ ಬಹುಭಾಗವನ್ನು ಬಣ್ಣ ನೋಡಿ ವಿಂಗಡಿಸುವ ಯಂತ್ರ ಮಾಡುತ್ತದೆ. ಬೀಜಗಳು ಅದುರುವ ತಟ್ಟೆಯಿಂದ ಇಳಿಜಾರಿನ ಕಾಲುವೆಗಳಿಗೆ ಬಂದು, ಜಾರಿ, ಅಂಚಿನಿಂದ ಕೆಳಗೆ ಬೀಳುತ್ತವೆ. ಬೀಳುತ್ತಿರುವಾಗಲೇ ಕ್ಯಾಮರಾ ಅವುಗಳನ್ನು ನೋಡುತ್ತದೆ. ಒಂದು ಬೀಜದ ಬಣ್ಣ ಸರಿಯಿಲ್ಲವೆಂದು ಕಂಡರೆ ಕಂಪ್ಯೂಟರು ಗಾಳಿಯ ಕವಾಟಕ್ಕೆ ಆಜ್ಞೆ ಕೊಡುತ್ತದೆ; ಸೆಕೆಂಡಿನ ಸಾವಿರ ಭಾಗಗಳಲ್ಲಿ ಕೆಲವೇ ಭಾಗಗಳ ಹೊತ್ತು ಕವಾಟ ತೆರೆದು ‘ಫುಸ್’ ಎಂದು ಗಾಳಿ ಹೊಡೆಯುತ್ತದೆ; ಕೆಟ್ಟ ಬೀಜ ದಾರಿ ತಪ್ಪಿ ಬೇರೆ ತೊಟ್ಟಿಗೆ ಬೀಳುತ್ತದೆ. ಗಾಳಿ ಒಂದಿಷ್ಟು ಮುಂಚೆ ಬಂದರೂ, ಒಂದಿಷ್ಟು ತಡವಾದರೂ ಪಕ್ಕದ ಒಳ್ಳೆಯ ಬೀಜಕ್ಕೆ ಪೆಟ್ಟು. ನೋಡುವುದು, ನಿರ್ಣಯಿಸುವುದು, ಕೈ ಮಾಡುವುದು ಎಂಬ ಈ ಮೂರನ್ನೂ ಒಂದೇ ಯಂತ್ರದ ಮೈಯಲ್ಲಿ ಹೊಂದಿಸುವುದೇ ಮೆಕಟ್ರಾನಿಕ್ಸ್. ಆ ಸಾಲಿನಲ್ಲಿ ಕುಳಿತಿದ್ದ ಹೆಂಗಸರ ಕಣ್ಣು ಮತ್ತು ಬೆರಳು ಈಗ ಯಂತ್ರಕ್ಕೆ ಬಂದಿವೆ ಎಂಬುದನ್ನೂ, ಅವರ ದಿನಗೂಲಿಯ ಒಂದು ಪಾಲು ಅದರೊಡನೆ ಹೋಯಿತೆಂಬುದನ್ನೂ ಈ ವಿದ್ಯೆ ಕಲಿಯುವವರು ಅರಿತಿರುವುದು ಒಳ್ಳೆಯದು.

ಈ ಶಬ್ದ ಹುಟ್ಟಿದ್ದು ಜಪಾನಿನಲ್ಲಿ. ಯಾಸ್ಕಾವಾ ಎಂಬ ವಿದ್ಯುದ್ಯಂತ್ರಗಳ ಕಂಪನಿಯ ಇಂಜಿನಿಯರ್ ತೆತ್ಸುರೊ ಮೋರಿ ಎಂಬಾತ ೧೯೬೯ರಲ್ಲಿ ‘ಮೆಕ್ಯಾನಿಕ್ಸ್’ ಮತ್ತು ‘ಎಲೆಕ್ಟ್ರಾನಿಕ್ಸ್’ ಎಂಬ ಎರಡು ಮಾತುಗಳನ್ನು ಬೆಸೆದು ಇದನ್ನು ಕಟ್ಟಿದ. ಕಂಪನಿ ಅದನ್ನು ತನ್ನ ವ್ಯಾಪಾರದ ಗುರುತಾಗಿ ಕಾಯ್ದುಕೊಂಡಿತ್ತು. ೧೯೮೨ರಲ್ಲಿ ಆ ಹಕ್ಕನ್ನು ಬಿಟ್ಟುಕೊಟ್ಟಿತು. ಅಂದಿನಿಂದ ಅದು ಲೋಕದ ಸೊತ್ತು.

ಕರ್ನಾಟಕಕ್ಕೆ ಈ ವಿದ್ಯೆ ಮೊದಲು ಬಂದದ್ದು ಪದವಿಯಾಗಿ ಅಲ್ಲ, ಪಾಠವಾಗಿ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ೨೦೦೬ ಮತ್ತು ೨೦೧೦ರ ಪಠ್ಯಕ್ರಮಗಳಲ್ಲಿ ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೆ ಆರನೆಯ ಸೆಮಿಸ್ಟರಿನಲ್ಲಿ ‘ಮೆಕಟ್ರಾನಿಕ್ಸ್ ಮತ್ತು ಮೈಕ್ರೊಪ್ರೊಸೆಸರ್’ ಎಂಬ ಒಂದು ವಿಷಯವಿತ್ತು. ಕಬ್ಬಿಣದೊಡನೆ ಪಳಗಿದ ಹುಡುಗರು ಅಲ್ಲಿ ಮೊದಲ ಬಾರಿಗೆ ಚಿಪ್ಪಿನ ಭಾಷೆ ಕಲಿತು ತಲೆ ಕೆರೆದುಕೊಂಡರು. ಅನಂತರ ಮಣಿಪಾಲ, ಮೂಡಬಿದಿರೆ, ಬೆಂಗಳೂರುಗಳ ಕೆಲವು ಕಾಲೇಜುಗಳು ಇದನ್ನೇ ನಾಲ್ಕು ವರ್ಷಗಳ ಪೂರ್ಣ ಪದವಿಯಾಗಿ ತೆರೆದವು. ಗೋಣಿಕೊಪ್ಪಲಿಗೆ ತೀರ ಸಮೀಪದ ಇಂಜಿನಿಯರಿಂಗ್ ಕಾಲೇಜೆಂದರೆ ಕೊಡವ ಎಜುಕೇಷನ್ ಸೊಸೈಟಿಯವರು ೨೦೦೩ರಲ್ಲಿ ಪೊನ್ನಂಪೇಟೆಯಲ್ಲಿ ಆರಂಭಿಸಿದ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಮನೆಯೂಟ ಉಂಡು ಓದಬಹುದಾದಷ್ಟು ಹತ್ತಿರ. ಆದುದರಿಂದ ಇಲ್ಲಿಯ ಕುಟುಂಬದ ಮುಂದಿರುವ ನಿಜವಾದ ಪ್ರಶ್ನೆ ಇದು: ಹೆಸರಿಗಾಗಿ ದೂರ ಕಳಿಸುವುದೋ, ಇಲ್ಲವೆ ಹತ್ತಿರದಲ್ಲಿ ಸಿಕ್ಕುವ ಶಾಖೆಯನ್ನು ಹಿಡಿದು ಉಳಿದುದನ್ನು ಅದಕ್ಕೆ ಜೋಡಿಸಿಕೊಳ್ಳುವುದೋ?

ಉತ್ತರ ಹೇಳುವ ಮುನ್ನ ಒಳಗೇನಿದೆ ಎಂದು ನೋಡಬೇಕು. ಮೊದಲ ವರ್ಷ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಪ್ರೋಗ್ರಾಮಿಂಗ್. ಕನ್ನಡದ ಒಂದು ಚಿಕ್ಕ ಪಾಠವೂ ಉಂಟು. ಅಲ್ಲಿಂದ ಮುಂದೆ ವಸ್ತುಗಳ ಬಲ, ಯಂತ್ರಗಳ ಚಲನೆ, ವಿದ್ಯುತ್ ಮಂಡಲಗಳು, ಸೆನ್ಸರುಗಳು, ಎಣ್ಣೆಯ ಮತ್ತು ಗಾಳಿಯ ಒತ್ತಡದಿಂದ ನಡೆಯುವ ಯಂತ್ರಾಂಗಗಳು, ಕಾರ್ಖಾನೆಗಳಲ್ಲಿ ಪಿ.ಎಲ್.ಸಿ. ಎಂದು ಕರೆಯುವ ನಿಯಂತ್ರಕ ಪೆಟ್ಟಿಗೆ, ಕೊನೆಗೆ ರೋಬೋಟು. ಇವೆಲ್ಲವುಗಳ ನಡುವೆ ಕಂಟ್ರೋಲ್ ಇಂಜಿನಿಯರಿಂಗ್ ಎಂಬ ವಿಷಯವೊಂದು ಹೆಬ್ಬಾಗಿಲಿನಂತೆ ನಿಂತಿದೆ. ಅಲ್ಲಿ ಎಡವುವವರೇ ಹೆಚ್ಚು. ಅದರ ತಿರುಳು ಸುಲಭವೇ: ಸ್ನಾನದ ನೀರು ತಣ್ಣಗಿದೆಯೆಂದು ಬಿಸಿನೀರಿನ ನಲ್ಲಿಯನ್ನು ಪೂರ್ತಿ ತಿರುಗಿಸುತ್ತೇವೆ, ಬಿಸಿನೀರು ಬರಲು ತಡ, ಬಂದಾಗ ಮೈ ಸುಡುತ್ತದೆ, ಗಾಬರಿಯಿಂದ ನಲ್ಲಿಯನ್ನು ಮುಚ್ಚುತ್ತೇವೆ, ಮತ್ತೆ ತಣ್ಣೀರು. ಯಂತ್ರವೂ ಹೀಗೆಯೇ ಓಲಾಡುತ್ತದೆ. ಓಲಾಡದಂತೆ ಎಷ್ಟು ತಿರುಗಿಸಬೇಕು, ಯಾವಾಗ ತಿರುಗಿಸಬೇಕು ಎಂಬುದನ್ನು ಲೆಕ್ಕದಿಂದ ಹೇಳುವುದೇ ಆ ಶಾಸ್ತ್ರ. ಆ ಲೆಕ್ಕಕ್ಕೆ ಡಿಫರೆನ್ಷಿಯಲ್ ಸಮೀಕರಣಗಳು ಬೇಕು, ಲಾಪ್ಲಾಸ್ ಎಂಬ ಫ್ರೆಂಚ್ ಗಣಿತಜ್ಞನ ಹೆಸರಿನ ಪರಿವರ್ತನೆ ಬೇಕು. ‘ನಮ್ಮ ಹುಡುಗ ಮಿಕ್ಸಿಯನ್ನು ಬಿಚ್ಚಿ ಜೋಡಿಸುತ್ತಾನೆ, ಆದುದರಿಂದ ಇದಕ್ಕೆ ಹಾಕೋಣ’ ಎನ್ನುವ ತಂದೆ ತಾಯಿ ಈ ಹೆಬ್ಬಾಗಿಲನ್ನು ಮರೆತಿರುತ್ತಾರೆ.

ಮಿಕ್ಸಿ ಬಿಚ್ಚುವ ಹುಡುಗನಿಗೆ ದಾರಿ ಇಲ್ಲವೆಂದಲ್ಲ. ಬೇರೆ ದಾರಿ ಇದೆ, ಹಲವರ ಪಾಲಿಗೆ ಅದೇ ಮೇಲು. ಗೋಣಿಕೊಪ್ಪಲಿನ ಮೂಲಕ ಹಾಯ್ದು ವಿರಾಜಪೇಟೆ, ಮಾಕುಟ್ಟದ ಘಟ್ಟ ಇಳಿಯುವ ರಸ್ತೆಯನ್ನೇ ಹಿಡಿದು ಹೋದರೆ ತಲಶ್ಶೇರಿ; ಅಲ್ಲಿಯ ನೆಟ್ಟೂರಿನಲ್ಲಿ ೧೯೫೯ರಲ್ಲಿ ಸ್ವಿಟ್ಜರ್‌ಲೆಂಡಿನವರ ನೆರವಿನಿಂದ ಹುಟ್ಟಿದ ತಾಂತ್ರಿಕ ತರಬೇತಿ ಸಂಸ್ಥೆಯೇ ಎನ್.ಟಿ.ಟಿ.ಎಫ್. ಬೆಂಗಳೂರಿನಲ್ಲಿ ೧೯೭೨ರಲ್ಲಿ ಡೆನ್ಮಾರ್ಕಿನ ಸಹಾಯದಿಂದ ಆರಂಭವಾದುದು ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. ಬಿಡದಿಯಲ್ಲಿ ಟೊಯೊಟಾ ಕಂಪನಿಯವರು ೨೦೦೭ರಲ್ಲಿ ತೆರೆದ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಹಳ್ಳಿಯ ಮಕ್ಕಳನ್ನು ಮೂರು ವರ್ಷ ಅಲ್ಲೇ ಇರಿಸಿಕೊಂಡು ಕಲಿಸುವ ವಿದ್ಯೆಗಳಲ್ಲಿ ಮೆಕಟ್ರಾನಿಕ್ಸೂ ಒಂದು. ಕೈ ಮೊದಲು ಪಳಗಿ, ಅನಂತರ ಲೆಕ್ಕದ ಹಸಿವು ಹುಟ್ಟಿದರೆ, ಮಾನ್ಯತೆಯುಳ್ಳ ಡಿಪ್ಲೊಮಾ ಪಡೆದವರು ಡಿ-ಸಿ.ಇ.ಟಿ. ಬರೆದು ಪದವಿಯ ಎರಡನೆಯ ವರ್ಷಕ್ಕೇ ಸೇರಬಹುದು. ಬೇಗ ಸಂಬಳ ಬೇಕಾದ ಮನೆಗೂ ಇದು ಒಪ್ಪುವ ಮಾರ್ಗ.

ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ಆಸೆಯುಳ್ಳವರು ಇನ್ನೊಂದು ಮಾತನ್ನು ಗಮನಿಸಬೇಕು. ಅಮೆರಿಕ, ಕೆನಡಾಗಳಲ್ಲಿ ‘ಮೆಕಟ್ರಾನಿಕ್ಸ್ ಇಂಜಿನಿಯರಿಂಗ್’ ಬೇರೆ, ‘ಮೆಕಟ್ರಾನಿಕ್ಸ್ ಇಂಜಿನಿಯರಿಂಗ್ ಟೆಕ್ನಾಲಜಿ’ ಬೇರೆ. ಮೊದಲನೆಯದರಲ್ಲಿ ಗಣಿತ ಮತ್ತು ವಿನ್ಯಾಸಕ್ಕೆ ಒತ್ತು. ಎರಡನೆಯದರಲ್ಲಿ ಕಾರ್ಖಾನೆಯ ಕೆಲಸಕ್ಕೆ ಒತ್ತು. ಇವೆರಡರ ಪರಸ್ಪರ ಮಾನ್ಯತೆಗೆ ಬೇರೆ ಬೇರೆ ಅಂತರರಾಷ್ಟ್ರೀಯ ಒಪ್ಪಂದಗಳೇ ಇವೆ: ಇಂಜಿನಿಯರಿಂಗ್ ಪದವಿಗೆ ೧೯೮೯ರ ವಾಷಿಂಗ್ಟನ್ ಒಪ್ಪಂದ, ಟೆಕ್ನಾಲಜಿ ಪದವಿಗೆ ೨೦೦೧ರ ಸಿಡ್ನಿ ಒಪ್ಪಂದ. ಭಾರತವು ೨೦೧೪ರಲ್ಲಿ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆಯಿತು. ಕೊನೆಯ ಒಂದು ಪದವನ್ನು ಓದದೆ ಅರ್ಜಿ ಹಾಕಿದವನು ಬಯಸಿದ್ದು ಒಂದು, ಪಡೆದದ್ದು ಇನ್ನೊಂದು ಎಂದಾಗಬಹುದು.

ಸ್ವದೇಶದಲ್ಲಿಯೂ ಹೆಸರಿನ ತೊಡಕು ಉಂಟು. ಉನ್ನತ ವ್ಯಾಸಂಗದ ಗೇಟ್ ಪರೀಕ್ಷೆಯಲ್ಲಿ ಮೆಕಟ್ರಾನಿಕ್ಸ್ ಎಂಬ ಪತ್ರಿಕೆಯೇ ಇಲ್ಲ; ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಇನ್‌ಸ್ಟ್ರುಮೆಂಟೇಷನ್ ಮೊದಲಾದವುಗಳಿಂದ ಆರಿಸಿ ಬರೆಯಬೇಕು. ಸರ್ಕಾರಿ ಉದ್ಯಮಗಳ ಎಷ್ಟೋ ಪ್ರಕಟಣೆಗಳು ಹಳೆಯ ಶಾಖೆಗಳ ಹೆಸರನ್ನೇ ಕೇಳುತ್ತವೆ. ಪೀಣ್ಯ, ಬಿಡದಿಗಳ ಕಾರ್ಖಾನೆಯವರಿಗಾದರೋ ಹೆಸರಿಗಿಂತ, ಕೆಟ್ಟು ನಿಂತ ಯಂತ್ರದ ಮುಂದೆ ಹುಡುಗಿ ಏನು ಮಾಡಬಲ್ಲಳು ಎಂಬುದು ಮುಖ್ಯ. ಆದುದರಿಂದ ಗಣಿತದಲ್ಲಿ ಗಟ್ಟಿಗರಾದವರು ಪೊನ್ನಂಪೇಟೆಯಂಥ ಹತ್ತಿರದ ಕಾಲೇಜಿನಲ್ಲಿ ತಮಗೊಪ್ಪುವ ಹಳೆಯ ಶಾಖೆ ದೊರೆತರೆ ಅದನ್ನು ಸೇರಿ, ರಜೆಯಲ್ಲಿ ಪಿ.ಎಲ್.ಸಿ., ಸೆನ್ಸರುಗಳನ್ನು ಕಲಿಯುವುದರಲ್ಲಿ ನಷ್ಟವೇನೂ ಇಲ್ಲ. ಯಂತ್ರವನ್ನೂ ಮಂಡಲವನ್ನೂ ಒಟ್ಟಿಗೇ ಕಲಿಯುವ ಹಂಬಲ ತೀವ್ರವಾಗಿದ್ದು, ಪ್ರಯೋಗಶಾಲೆ ಚೆನ್ನಾಗಿರುವ ಕಾಲೇಜು ದೊರೆತರೆ ಮಾತ್ರ ದೂರದ ಖರ್ಚು ಸಾರ್ಥಕ.

ಪ್ರಯೋಗಶಾಲೆ ಚೆನ್ನಾಗಿದೆಯೆ ಎಂಬುದನ್ನು ತಿಳಿಯಲು ಬಣ್ಣದ ಪುಸ್ತಿಕೆಯನ್ನು ನಂಬಬೇಕಾದುದಿಲ್ಲ. ಸೀಟು ಆಯ್ಕೆಯ ಮೊದಲು ಒಂದು ದಿನ ಬಸ್ಸು ಹತ್ತಿ ಹೋಗಿ ನೋಡಿ ಬರುವುದು ಲೇಸು. ಒಂದೊಂದು ಪಿ.ಎಲ್.ಸಿ. ಪೆಟ್ಟಿಗೆಗೆ ಎಷ್ಟು ವಿದ್ಯಾರ್ಥಿಗಳು? ಸಂಜೆ ಐದರ ಮೇಲೆ ವರ್ಕ್‌ಷಾಪಿನ ಬಾಗಿಲು ತೆರೆದಿರುತ್ತದೆಯೆ? ಮೂರನೆಯ ವರ್ಷದವರನ್ನು ಕ್ಯಾಂಟೀನಿನಲ್ಲಿ ಮಾತನಾಡಿಸಿ ಇದನ್ನೆಲ್ಲ ಕೇಳಬೇಕು. ರೋಬೋಟಿನ ಹತ್ತಿರವೂ ಹೋಗಬೇಕು. ಅದರ ಮೇಲೆ ಎಣ್ಣೆಯ ಜಿಡ್ಡು, ಬೆರಳಿನ ಗುರುತುಗಳಿದ್ದರೆ ಶುಭ. ಪ್ಲಾಸ್ಟಿಕ್ ಹೊದಿಕೆಯೊಳಗೆ ಕಳೆದ ಆಯುಧಪೂಜೆಯ ಕುಂಕುಮ ಇನ್ನೂ ಅಳಿಸದೆ ಉಳಿದಿದ್ದರೆ, ಮರುಬಸ್ಸಿಗೆ ಊರಿಗೆ ಹಿಂದಿರುಗಬಹುದು.