ಕಂಪ್ಯೂಟರು ಮೂಕವಾಗುವುದೇಕೆ?

ಹೋಟೆಲಿನ ಬಿಲ್ಲಿರಲಿ, ಆಫೀಸಿನ ಜಮಾಖರ್ಚಿರಲಿ, ಇಂದು ಎಲ್ಲವೂ ಕಂಪ್ಯೂಟರಿನ ಪಾಲಾಗಿರುವುದು. ತಿಂಗಳ ಕೊನೆಯಲ್ಲಿ ಒಟ್ಟು ಲೆಕ್ಕವನ್ನು ತೆಗೆಯಲೆಂದು ಗುಮಾಸ್ತನು ಪರದೆಯ ಮೇಲಿನ ಒಂದು ಗುಂಡಿಯನ್ನು ಒತ್ತುವನು. ಒಡನೆಯೇ ಪರದೆ ಸ್ತಬ್ಧವಾಗುವುದು. ಕೆಲವು ಕ್ಷಣಗಳಲ್ಲಿ ಅದು ಬಿಳಿಚಿಕೊಂಡು, ಶಿರೋಭಾಗದಲ್ಲಿ 'ನಾಟ್ ರೆಸ್ಪಾಂಡಿಂಗ್' ಎಂಬ ಬರಹವು ಮೂಡುವುದು. ಗಾಬರಿಯಾದ ಗುಮಾಸ್ತನು ಪ್ರೋಗ್ರಾಮನ್ನೇ ಬಲವಂತವಾಗಿ ಮುಚ್ಚಿಬಿಡುವನು. ಅರ್ಧ ಬರೆದ ಲೆಕ್ಕ ಅರ್ಧದಲ್ಲೇ ಉಳಿಯುವುದು. ಮರುದಿನ ಮಾಲಿಕರ ಬೈಗುಳ ಮಾತ್ರ ಪೂರ್ತಿಯಾಗಿ ದೊರೆಯುವುದು.

ಇಂತಹ ಪ್ರಸಂಗಗಳಲ್ಲಿ ತಪ್ಪು ಗುಮಾಸ್ತನದಲ್ಲ. ಬಹುಮಟ್ಟಿಗೆ ಯಂತ್ರದ್ದೂ ಅಲ್ಲ. ಪ್ರೋಗ್ರಾಮನ್ನು ರಚಿಸಿದವರದು ಎಂಬುದೇ ನಮ್ಮ ಅಭಿಪ್ರಾಯ.

ನಡೆಯುವುದೇನೆಂಬುದನ್ನು ನಮ್ಮ ವಾಚಕರು ಸುಲಭವಾಗಿ ಗ್ರಹಿಸಬಲ್ಲರು. ಒಂದರ ಹಿಂದೊಂದರಂತೆ ಅಪ್ಪಣೆಗಳನ್ನು ನೆರವೇರಿಸುತ್ತ ಹೋಗುವ ಆಳೊಬ್ಬನು ಪ್ರೋಗ್ರಾಮಿನೊಳಗೆ ಇರುವನೆಂದು ಭಾವಿಸಿರಿ. ಇಂತಹ ಆಳಿಗೆ 'ಥ್ರೆಡ್' ಎಂದು ಹೆಸರು. ನಾವು ಒತ್ತಿದ ಗುಂಡಿ, ಬಡಿದ ಕೀಲಿ, ಕಿಟಕಿಯನ್ನು ಮತ್ತೆ ಚಿತ್ರಿಸಬೇಕೆಂಬ ಆಜ್ಞೆ, ಇವೆಲ್ಲವೂ ಚೀಟಿಗಳಾಗಿ ಸಾಲಿನಲ್ಲಿ ನಿಲ್ಲುವುವು. ಆಳು ಒಂದೊಂದೇ ಚೀಟಿಯನ್ನು ಎತ್ತಿ ಉತ್ತರ ಕೊಡುವನು. ಚೀಟಿ ಸಣ್ಣದಾದರೆ ಚಿಂತೆಯಿಲ್ಲ. 'ವರ್ಷದ ಸಮಸ್ತ ಬಿಲ್ಲುಗಳನ್ನು ಕೂಡಿಸು' ಎಂಬ ಚೀಟಿ ಬಂದಾಗ ಅದೇ ಆಳು ಕೂಡಿಸಲು ಕುಳಿತರೆ ಮುಂದಿನ ಚೀಟಿಗಳನ್ನು ಎತ್ತುವವರಾರು?

ನಾವು ಹೋಟೆಲು ನಡೆಸುತ್ತಿದ್ದಾಗ ಮಾಣಿಯು ಆರ್ಡರನ್ನು ಒಳಗೆ ಕೂಗಿ ಹೇಳಿ ಮುಂದಿನ ಮೇಜಿಗೆ ನಡೆಯುತ್ತಿದ್ದನು. ಮಸಾಲೆದೋಸೆ ಕೇಳಿದರೆಂದು ಅವನೇ ಒಳಹೋಗಿ ಕಾವಲಿಯ ಮುಂದೆ ನಿಂತಿದ್ದರೆ ಹೊರಗಿನ ಗಿರಾಕಿಗಳ ಗತಿಯೇನು? ಒಳಗೆ ಕೆಲಸ ಭರದಿಂದ ಸಾಗುತ್ತಿದ್ದರೂ ಹೊರಗೆ ಕುಳಿತವರಿಗೆ ಹೋಟೆಲು ಮುಚ್ಚಿದಂತೆಯೇ ತೋರುವುದು.

ಮೈಕ್ರೋಸಾಫ್ಟಿನ ವಿಂಡೋಸ್ ವ್ಯವಸ್ಥೆಯು ಇದಕ್ಕೆ 5 ಸೆಕೆಂಡುಗಳ ಗಡುವನ್ನು ಇಟ್ಟಿರುವುದು. ಅಷ್ಟರೊಳಗೆ ಪ್ರೋಗ್ರಾಮು ಮುಂದಿನ ಚೀಟಿಯತ್ತ ಕಣ್ಣು ಹಾಯಿಸದಿದ್ದರೆ, ನಿಜವಾದ ಕಿಟಕಿಯನ್ನು ಮರೆಮಾಡಿ ಅದರಂತೆಯೇ ಕಾಣುವ ಪ್ರತಿರೂಪವೊಂದನ್ನು ನಿಲ್ಲಿಸುವುದು. ಅದನ್ನು ಸರಿಸಬಹುದು, ಮುಚ್ಚಬಹುದು. ಅದರಿಂದ ಕೆಲಸ ಮಾಡಿಸಲಾಗದು. ಇಂಗ್ಲಿಷಿನಲ್ಲಿ ಇದಕ್ಕೆ 'ಘೋಸ್ಟ್ ವಿಂಡೋ', ಅಂದರೆ ಭೂತದ ಕಿಟಕಿ, ಎಂದೇ ಹೆಸರು. (ನಮ್ಮೂರಿನ ಭೂತವಾದರೋ ಕೇಳಿದ್ದಕ್ಕೆ ನುಡಿ ಕೊಡುವುದು. ಇದಕ್ಕೆ ಆ ಶಕ್ತಿಯೂ ಇಲ್ಲ!) ಭೂತದ ಕಿಟಕಿ ಕಂಡಿತೆಂದರೆ ಪ್ರೋಗ್ರಾಮು ಸತ್ತಿದೆಯೆಂದು ಅರ್ಥವಲ್ಲ, ಒಳಗೆ ದುಡಿಯುತ್ತಲೂ ಇರಬಹುದು. ಅದಕ್ಕೂ ಮೊದಲಿನ ಕ್ಷಣಗಳಲ್ಲಿ ನಾವು ಅವಸರದಿಂದ ಮತ್ತೆ ಮತ್ತೆ ಒತ್ತಿದ್ದೆಲ್ಲವೂ ಸಾಲಿನಲ್ಲಿ ಕಾದಿದ್ದು ಆಮೇಲೆ ಫಲಿಸುವುದುಂಟು. ಒಬ್ಬನೇ ಗಿರಾಕಿಗೆ ಎರಡು ಬಿಲ್ಲು ಹೊರಬೀಳುವುದು ಹೀಗೆಯೇ.

1992ರ ವಿಂಡೋಸ್ 3.1ರ ಕಾಲದಲ್ಲಿ ಸ್ಥಿತಿ ಇನ್ನೂ ಕಷ್ಟಕರವಾಗಿದ್ದಿತು. ಒಂದು ಪ್ರೋಗ್ರಾಮು ತಾನಾಗಿ ಸರದಿಯನ್ನು ಬಿಟ್ಟುಕೊಡದಿದ್ದರೆ ಮಿಕ್ಕವೂ ಸ್ತಬ್ಧವಾಗುತ್ತಿದ್ದುವು.

ಪರಿಹಾರವು ಹೋಟೆಲಿನ ಪದ್ಧತಿಯೇ. ಮುಂದಿನ ಆಳು ಚೀಟಿಗಳಿಗೆ ಉತ್ತರ ಕೊಡುತ್ತಲೇ ಇರತಕ್ಕದ್ದು. ದೀರ್ಘವಾದ ಕೆಲಸವನ್ನು ಹಿಂದಿನ ಬೇರೊಂದು ಥ್ರೆಡ್ಡಿಗೆ ಒಪ್ಪಿಸತಕ್ಕದ್ದು. ಇದಕ್ಕಾಗಿ ಡಾಟ್‌ನೆಟ್‌ನಲ್ಲಿ 2005ರಲ್ಲಿ 'ಬ್ಯಾಕ್‌ಗ್ರೌಂಡ್ ವರ್ಕರ್', ಜಾವಾದಲ್ಲಿ 2006ರಲ್ಲಿ 'ಸ್ವಿಂಗ್ ವರ್ಕರ್' ಎಂಬ ಸಿದ್ಧ ಸಾಧನಗಳು ಬಂದುವು. ಆದುದರಿಂದ ಇಂದಿನ ರಚನಕಾರರಿಗೆ ಸಾಧನವಿಲ್ಲವೆಂಬ ನೆಪವಿಲ್ಲ. ಇಲ್ಲಿಯೂ ಒಂದು ಕಟ್ಟುಪಾಡುಂಟು. ಹಿಂದಿನ ಆಳು ಪರದೆಯನ್ನು ನೇರವಾಗಿ ಮುಟ್ಟಕೂಡದು. ಅಡುಗೆ ಭಟ್ಟರು ಸೌಟು ಹಿಡಿದು ಹೊರಬಂದು ತಾವೇ ಬಡಿಸತೊಡಗಿದರೆ ಮಾಣಿಗೂ ಅವರಿಗೂ ಡಿಕ್ಕಿಯಾಗದಿರದು. ಕೆಲಸವೆಷ್ಟಾಯಿತೆಂಬ ಸುದ್ದಿಯನ್ನು ಅವನು ಮುಂದಿನವನಿಗೆ ತಿಳಿಸಬೇಕು, ಮುಂದಿನವನು ಪರದೆಯಲ್ಲಿ ತೋರಿಸಬೇಕು. ಅದೂ ಹಿತಮಿತವಾಗಿ. ಬಿಲ್ಲಿಗೊಂದರಂತೆ ಸುದ್ದಿ ಕಳುಹಿದರೆ ಸುದ್ದಿಯ ಭಾರದಿಂದಲೇ ಮುಂದಿನವನು ಕುಸಿಯುವನು.

ಹಳೆಯ ವಿಷುಯಲ್ ಬೇಸಿಕ್ಕಿನಲ್ಲಿ 'ಡೂ ಇವೆಂಟ್ಸ್' ಎಂಬ ಅಡ್ಡದಾರಿಯಿತ್ತು. ಲೆಕ್ಕ ಕೂಡಿಸುತ್ತಲೇ ನಡುನಡುವೆ ಎದ್ದುಬಂದು ಚೀಟಿಗಳನ್ನು ನೋಡುವ ಕ್ರಮವದು. ಆ ನಡುವೆ ಅದೇ ಗುಂಡಿಯನ್ನು ಯಾರಾದರೂ ಮತ್ತೊಮ್ಮೆ ಒತ್ತಿದರೆ ಅರ್ಧವಾದ ಲೆಕ್ಕದೊಳಗೇ ಅದೇ ಲೆಕ್ಕ ಪುನಃ ಆರಂಭವಾಗುವುದು! ಆದ್ದರಿಂದ ಒಮ್ಮೆ ಒತ್ತಿದ ಗುಂಡಿಯನ್ನು ಕೆಲಸ ಮುಗಿಯುವವರೆಗೆ ನಿಷ್ಕ್ರಿಯಗೊಳಿಸಿ, 'ರದ್ದು' ಎಂಬ ಗುಂಡಿಯನ್ನು ಮಾತ್ರ ಜೀವಂತವಾಗಿಡುವುದೇ ಕ್ಷೇಮ. ರದ್ದೆಂದರೆ ಹಿಂದಿನ ಆಳಿನ ಕತ್ತು ಹಿಚುಕುವುದಲ್ಲ. 'ನಿಲ್ಲಿಸು' ಎಂಬ ಗುರುತನ್ನು ಇಟ್ಟರೆ, ಅವನು ಕೈಯಲ್ಲಿರುವ ಬಿಲ್ಲನ್ನು ಮುಗಿಸಿ, ಗುರುತನ್ನು ನೋಡಿ, ಕ್ರಮವಾಗಿ ನಿಲ್ಲುವನು.

ಜೇಕಬ್ ನೀಲ್ಸನ್ ಎಂಬ ತಜ್ಞರು 1993ರ ತಮ್ಮ ಗ್ರಂಥದಲ್ಲಿ ಮನುಷ್ಯನ ತಾಳ್ಮೆಯನ್ನು ಅಳೆದಿರುವರು. 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಕ್ಷಣವೆನಿಸುವುದು. 1 ಸೆಕೆಂಡಿನವರೆಗೆ ಯೋಚನೆಯ ಧಾರೆ ಕಡಿಯದು. 10 ದಾಟಿದರೆ ಲಕ್ಷ್ಯ ಬೇರೆಡೆಗೆ ಹರಿಯುವುದು.

ಹೊಸ ಬಿಲ್ಲಿಂಗ್ ಪ್ರೋಗ್ರಾಮನ್ನು ಮಾರಲು ಬರುವವರು ಸಾಮಾನ್ಯವಾಗಿ ಹತ್ತು ಬಿಲ್ಲುಗಳನ್ನು ಮಾತ್ರ ತುಂಬಿ ತೋರಿಸುವರು. ಹಣ ಕೊಡುವ ಮೊದಲು ಗಲ್ಲೆಯಲ್ಲಿ ಕುಳಿತುಕೊಳ್ಳುವ ಹುಡುಗನನ್ನೇ ಕರೆದು ಕೂರಿಸಿರಿ. ನಿಮ್ಮ ಪೂರ್ತಿ ವರ್ಷದ ಲೆಕ್ಕವನ್ನು ತುಂಬಿಸಿ, ವರದಿಯ ಗುಂಡಿಯನ್ನು ಒತ್ತಲು ಹೇಳಿರಿ. ಅದು ಓಡುತ್ತಿರುವಾಗಲೇ ಅವನು ಕಿಟಕಿಯನ್ನು ಅತ್ತಿತ್ತ ಸರಿಸಿ ನೋಡಲಿ, ಹೊಸ ಬಿಲ್ಲೊಂದನ್ನು ಮಾಡಲಿ, ಕೊನೆಗೆ 'ರದ್ದು' ಒತ್ತಲಿ.