ಹೊಗೆಕೊಳವೆಯೊಳಗಿನ ಪರೀಕ್ಷಕ

ಎಂಜಿನ್ನಿಗೆ ಪೆಟ್ರೋಲು ಎಷ್ಟು ಅವಶ್ಯವೋ ಗಾಳಿಯೂ ಅಷ್ಟೇ ಅವಶ್ಯ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಕೂಡಿದರೆ ದಹನದ ಲೆಕ್ಕ ಸರಿಹೋಗುವುದು. ಪೆಟ್ರೋಲು ಹೆಚ್ಚಿದರೆ ಪ್ಲಗ್ಗಿಗೆ ಮಸಿ ಹಿಡಿದು, ಕಾರ್ಬನ್ ಮೊನಾಕ್ಸೈಡೆಂಬ ವಿಷಾನಿಲ ಹೆಚ್ಚುವುದು. ತೀರ ಕಡಿಮೆಯಾದರೆ ಎಂಜಿನ್ ಅತಿಯಾಗಿ ಕಾದು ಪಿಸ್ಟನ್ನಿಗೇ ಕೇಡು.

ಈ ಹದವನ್ನು ಹೊಗೆಯಿಂದ ಅರಿಯುವ ಸಾಧನವೇ ಆಮ್ಲಜನಕ ಸಂವೇದಕ. 1976ರಲ್ಲಿ ವೋಲ್ವೊ ಕಾರಿನೊಡನೆ ಬಳಕೆಗೆ ಬಂದ ಇದು, 2020ರ ಏಪ್ರಿಲ್ 1ರಂದು ಬಿ.ಎಸ್.-6 ನಿಯಮ ಜಾರಿಯಾದ ಮೇಲೆ ನಮ್ಮ ಮೋಟಾರು ಸೈಕಲ್ಲುಗಳಲ್ಲಿಯೂ ಸಾಮಾನ್ಯವಾಯಿತು.

ಹಳೆಯ ಕಾರ್ಬ್ಯುರೇಟರ್ ಗಾಡಿಯ ಹದ ನೋಡಲು ಇದನ್ನು ಕೂಡಿಸುವವರು ಮೂರು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ಸೈಲೆನ್ಸರಿಗಿಂತ ಮುಂಚೆ, ಕೊಳವೆಯ ಮೇಲ್ಭಾಗದಲ್ಲಿ, ಮೊನೆ ಕೆಳಮುಖವಾಗಿರುವಂತೆ ಕೂಡಿಸಬೇಕು. ಇಲ್ಲವಾದರೆ ಕೊಳವೆಯಲ್ಲಿ ನಿಂತ ನೀರು ತಗುಲಿ ಕಾದ ಸೆರಾಮಿಕ್ ಬಿರಿಯುವುದು. ಎರಡನೆಯದು, ಬೆಸುಗೆಯಲ್ಲಿ ಸಂದಿರಬಾರದು. ಹೊರಗಾಳಿ ನುಸುಳಿದರೆ ಪೆಟ್ರೋಲು ಸಾಲದೆಂಬ ಸುಳ್ಳು ಸೂಚನೆ ದೊರೆಯುವುದು. ಮೂರನೆಯದು, ಸಂವೇದಕವು ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾಯುವವರೆಗೆ ಅದರ ಅಳತೆಯನ್ನು ನಂಬಲಾಗದು.

ಶಬ್ದದ ಆಸೆಗೆ ಸೈಲೆನ್ಸರ್ ಬದಲಿಸಿ ಸಂವೇದಕವನ್ನೇ ಕಿತ್ತೆಸೆಯುವ ತರುಣರನ್ನು ನಾವು ಕಾಣುತ್ತಿದ್ದೇವೆ. ಉಳಿಯುವ ಪೆಟ್ರೋಲು ಮನೆಯದು, ಉಸಿರಾಡುವ ಗಾಳಿ ಎಲ್ಲರದು ಎಂದು ಹಿರಿಯರು ಅವರಿಗೆ ತಿಳಿಯಹೇಳಲಿ.