‘ಮಂಗಳಮುಖಿ ವೇಷದ ಮಕ್ಕಳ ಕಳ್ಳರು’: ಈ ಸಂಶಯ ಬಂದದ್ದು ಎಲ್ಲಿಂದ?

ಫಾರ್ವರ್ಡ್ ಹೇಳುವುದು: ಮಂಗಳಮುಖಿಯರ ವೇಷದಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ, ಎಲ್ಲರಿಗೂ ಕಳಿಸಿ.

ಆಗಿದ್ದೇನು: 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪೊಂದು ಹೈದರಾಬಾದಿನ ಚಾಂದ್ರಾಯಣಗುಟ್ಟದಲ್ಲಿ ಟ್ರಾನ್ಸ್‌ಜೆಂಡರ್ ಮಹಿಳೆಯೊಬ್ಬರನ್ನು ಹೊಡೆದು ಕೊಂದಿತು. ಅವರು ಯಾವ ಮಗುವನ್ನೂ ಕದ್ದಿರಲಿಲ್ಲ. ಅದೇ ವಾರ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಇದೇ ವದಂತಿಗೆ ಒಬ್ಬರು ಬಲಿಯಾದರು.

ಸಂಶಯದ ಮೂಲ: ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಈ ಸಮುದಾಯದವರನ್ನು ಮಕ್ಕಳ ಅಪಹರಣದ ಶಂಕಿತರೆಂದು ಪಟ್ಟಿ ಮಾಡಿಸಿತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ಕಲಮಿನಲ್ಲೂ ಅದೇ ಸಂಶಯವಿತ್ತು. ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ ಅದಕ್ಕೆ ತಿದ್ದುಪಡಿಯಾಯಿತು. ಕಾನೂನು ಬದಲಾದರೂ ಫಾರ್ವರ್ಡ್ ನಿಂತಿಲ್ಲ.

ಹಿಂಸೆಗೆ ಬಲಿಯಾದ ಟ್ರಾನ್ಸ್‌ಜೆಂಡರ್ ಜನರನ್ನು ನವೆಂಬರ್ 20ರಂದು ಜಗತ್ತಿನ ಹಲವೆಡೆ ನೆನೆಯುತ್ತಾರೆ. ನಾವು ಕೇಳುವುದು ಇಷ್ಟೇ: ನಿಟ್ಟೆ, ಕಾರ್ಕಳದ ನಿಮ್ಮ ಗ್ರೂಪಿಗೆ ಇಂಥ ಮೆಸೇಜ್ ಬಂದರೆ ಮುಂದೆ ಕಳಿಸಬೇಡಿ. ಯಾರನ್ನಾದರೂ ಗುಂಪು ಸುತ್ತುವರಿದಿದ್ದರೆ ಕೂಡಲೇ 112ಕ್ಕೆ ಕರೆ ಮಾಡಿ.